ನನ್ನ ಹಲ್ಲನ್ನು ಬೀರುವಿನಲ್ಲಿಟ್ಟ ದೊಡ್ಡಮ್ಮ

ದೊಡ್ಡಮ್ಮನ ಮೇಲಿನ ಎರಡು ಹಲ್ಲು ಅವಳಿಗಿಂತ ಮುಂಚೆ ಮನೆಯೊಳಗೆ ಬರುತ್ತಿದ್ದವು. ತುಟಿಯನ್ನು ಎಷ್ಟು ಎಳೆದು ಮುಚ್ಚಿದರೂ ಆ ಎರಡರ ತುದಿ ಕೆಳತುಟಿಯ ಮೇಲೆ ಕೂತೇ ಇರುತ್ತಿತ್ತು. ಎಲೆ ಅಡಿಕೆ ಹಾಕಿ ಹಾಕಿ ಅವಕ್ಕೊಂದು ಕೆಂಪು ಅಂಚು ಬಂದಿತ್ತು. ಹಾಗಾಗಿ ಸಿಟ್ಟು ನೆತ್ತಿಗೇರಿದಾಗಲೂ ಅವಳ ಮುಖ ಅರ್ಧ ನಕ್ಕಂತೆಯೇ ಕಾಣುತ್ತಿತ್ತು. ಅವಳ ಕೈಲಿ ಬೈಸಿಕೊಂಡವರಿಗೆ ತಾವು ಬೈಸಿಕೊಂಡಿದ್ದು ಗೊತ್ತಾಗುತ್ತಿದ್ದುದು ಮನೆ ಮುಟ್ಟಿದ ಮೇಲೆ.

ಈ ಮಾತಿಗೆ ಸಾಕ್ಷಿ ಬೇಕಾದರೆ ಧರ್ಮಪುರದ ಬಸ್ ಸ್ಟ್ಯಾಂಡಿನಲ್ಲಿ ಯಾರನ್ನು ಬೇಕಾದರೂ ಕೇಳಿ. ನಾನು ವಕೀಲೆ, ಸಾಕ್ಷಿಯಿಲ್ಲದೆ ಬಾಯಿ ಬಿಡುವವಳಲ್ಲ. ಒಂದು ಬೆಳಿಗ್ಗೆ ಹಿರಿಯೂರಿನ ಬಸ್ಸು ಹೊರಡುವುದರಲ್ಲಿತ್ತು. ತುಂಬು ಬಸುರಿಯೊಬ್ಬಳು ಅತ್ತೆಯ ಕೈ ಹಿಡಿದು ದೂರದ ತಿರುವಿನಿಂದ ನಿಧಾನವಾಗಿ ಬರುತ್ತಿದ್ದಳು. ಕಂಡಕ್ಟರು ಸೀಟಿ ಊದಿಯೇ ಬಿಟ್ಟ. ದೊಡ್ಡಮ್ಮ ಒಂದು ಕಾಲನ್ನು ಬಸ್ಸಿನ ಮೆಟ್ಟಿಲ ಮೇಲಿಟ್ಟು ಇನ್ನೊಂದನ್ನು ನೆಲದ ಮೇಲೆಯೇ ಊರಿ ನಿಂತಳು.

"ಹತ್ರಿ ಅಮ್ಮ, ಟೈಮಾತು" ಅಂದ ಕಂಡಕ್ಟರು.

"ರೈಟ್ ಅನ್ಬ್ಯಾಡ ಕಣಪ್ಪ, ನನ್ನ ಒಂದು ಕಾಲು ಇನ್ನೂ ಧರ್ಮಪುರದಾಗೇ ಐತೆ."

"ನಿಮ್ಮೊಬ್ಬರಿಗೋಸ್ಕರ ಬಸ್ಸು ನಿಲ್ಸಕಾಗುತ್ತೇನ್ರಿ?"

"ನಂಗೋಸ್ಕರ ಯಾರು ಅಂದ್ರು? ಅಲ್ಲಿ ನೋಡು, ಅಲ್ಲಿ ಬರ್ತಿರೋದು ಇಬ್ರಲ್ಲ, ಮೂರು ಜನ. ಹೊಟ್ಟೆಯಾಗಿರೋದಕ್ಕೆ ಟಿಕೆಟ್ ಬ್ಯಾಡ, ಸ್ವಲ್ಪ ತಾಳ್ಮೆ ಬೇಕು."

ಬಸ್ಸಿಗೆ ಬಸ್ಸೇ ನಕ್ಕಿತು. ಕಂಡಕ್ಟರೂ ನಕ್ಕ, ಇಳಿದು ಹೋಗಿ ಆ ಹುಡುಗಿಯ ಚೀಲ ಹಿಡಿದುಕೊಂಡ. ನನ್ನ ದೊಡ್ಡಮ್ಮ ಅಂದರೆ ಇಷ್ಟೇ. ಅಪ್ಪನ ಅಣ್ಣನ ಹೆಂಡತಿ, ಇಬ್ಬರು ಗಂಡುಮಕ್ಕಳ ತಾಯಿ, ಧರ್ಮಪುರದ ಆ ತುದಿಯಿಂದ ಈ ತುದಿಯವರೆಗೆ ಯಾರಿಗೆ ಅನ್ಯಾಯವಾದರೂ ತನ್ನ ಒಂದು ಕಾಲನ್ನು ಅಡ್ಡ ಇಡುವವಳು. ಎರಡು ಸಂಸಾರವೂ ಒಂದೇ ಮನೆಯಲ್ಲಿದ್ದವು. ಅಮ್ಮ ಹೆತ್ತಳು, ಸಾಕಿದಳು, ಅದರಲ್ಲಿ ಎರಡು ಮಾತಿಲ್ಲ. ಆದರೆ ನನ್ನ ಬಾಯಿಯ ಉಸ್ತುವಾರಿ ಮಾತ್ರ ದೊಡ್ಡಮ್ಮನದು.

ಏಕೆಂದರೆ ನನಗೂ ಉಬ್ಬು ಹಲ್ಲು. ದೊಡ್ಡಮ್ಮನಿಗೂ ನನಗೂ ರಕ್ತಸಂಬಂಧ ಇಲ್ಲ, ಆದರೂ ಮನೆಗೆ ಬಂದವರೆಲ್ಲ ನನ್ನನ್ನು ನೋಡಿ "ಥೇಟ್ ದೊಡ್ಡಮ್ಮನ ಹಲ್ಲು ಕಣ್ರಿ" ಅನ್ನುತ್ತಿದ್ದರು. ಇದ್ಯಾವ ನ್ಯಾಯವೋ ಇವತ್ತಿಗೂ ನನಗೆ ತಿಳಿದಿಲ್ಲ. ಹೈಸ್ಕೂಲಿಗೆ ಹೋದ ಮೇಲೆ ಹುಡುಗರು ನನಗಿಟ್ಟ ಹೆಸರು ತುರೇಮಣೆ. ಕಾಯಿ ಒಡೆದರೆ ನನ್ನ ಹತ್ತಿರ ತರುತ್ತೇವೆ, ತುರಿದು ಕೊಡು ಅನ್ನುತ್ತಿದ್ದರು. ಒಂದು ದಿನ ಮನೆಗೆ ಬಂದು ಗೋಳೋ ಅಂತ ಅತ್ತೆ. ದೊಡ್ಡಮ್ಮ ಸೆರಗಿನಿಂದ ನನ್ನ ಮುಖ ಒರೆಸಿದಳು.

"ನಂಗೂ ಹಂಗೇ ಅಂತಿದ್ರು ಕಣೇ" ಅಂದಳು ಆಮೇಲೆ. "ನಾನು ಅವ್ರಿಗಿಂತ ಜೋರಾಗಿ ನಕ್ಕು ನಕ್ಕೇ ಬಾಯಿ ಮುಚ್ಚಿಸ್ದೆ. ನಂಗೆ ಬ್ಯಾರೆ ದಾರಿ ಇರ್ಲಿಲ್ಲ. ನಿಂಗೈತೆ."

ಹಿರಿಯೂರಿನಲ್ಲಿ ಯಾರದೋ ಮಗಳು ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡಿದ್ದನ್ನು ಅವಳು ನೋಡಿದ್ದಳು. ಅಪ್ಪ ಹಿಂದೆ ಮುಂದೆ ನೋಡಿದ. ಹಲ್ಲು ಅಂದರೆ ಅಗಿಯುವುದಕ್ಕೆ, ಅಗಿಯುತ್ತಿದೆಯಲ್ಲ ಅಂದ. ದೊಡ್ಡಮ್ಮ ಮೈದುನನನ್ನು ಮೇಲಿಂದ ಕೆಳಗೆ ನೋಡಿದಳು. "ನಿನ್ನ ಬೈಕಿನ ಹ್ಯಾಂಡಲ್ಲು ಸೊಟ್ಟಗಾದ್ರೆ ಅವತ್ತೇ ಹಿರಿಯೂರಿಗೆ ಓಡ್ತೀಯ. ಮಗಳ ಹಲ್ಲು ಸೊಟ್ಟಗಿದ್ರೆ ಅದು ದೇವರಿಚ್ಛೆನಾ?" ಅಪ್ಪ ಮರುವಾರವೇ ಒಪ್ಪಿದ.

ಹಲ್ಲಿನ ಡಾಕ್ಟರು ಇದ್ದದ್ದು ದುರ್ಗದಲ್ಲಿ. ತಿಂಗಳಿಗೊಂದು ಸಲ ಧರ್ಮಪುರದಿಂದ ಹಿರಿಯೂರು, ಅಲ್ಲಿ ಬಸ್ಸು ಬದಲಿಸಿ ದುರ್ಗ. ಪ್ರತಿ ಸಲವೂ ಜೊತೆಗೆ ದೊಡ್ಡಮ್ಮ. ಕಾಯುವ ಬೆಂಚಿನ ಮೇಲೆ ಕೂತವರ ಊರು, ಕುಲ, ಯಾವ ಹಲ್ಲು, ಎಷ್ಟು ದಿನದ ನೋವು ಎಲ್ಲವನ್ನೂ ವಿಚಾರಿಸಿಕೊಂಡು, ನಮ್ಮ ಸರದಿ ಬರುವಷ್ಟರಲ್ಲಿ ಅವರಿಗೆಲ್ಲ ಲವಂಗದ ಮದ್ದು ಹೇಳಿ ಮುಗಿಸಿರುತ್ತಿದ್ದಳು. ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು, ತಾಳ್ಮೆಯಲ್ಲಿ ದೊಡ್ಡವರು. ಕ್ಲಿಪ್ ಹಾಕಿದ ದಿನ ಗಟ್ಟಿ ಪದಾರ್ಥ ತಿನ್ನಬಾರದು, ಮುಖ್ಯವಾಗಿ ಹುರಿದ ಶೇಂಗಾ ಮುಟ್ಟಬಾರದು ಅಂದರು.

"ಧರ್ಮಪುರದಾಗೆ ಹುಟ್ಟಿದ ಮಗೀಗೆ ಶೇಂಗಾ ತಿನ್ಬ್ಯಾಡ ಅಂದ್ರೆ ಹೆಂಗ್ರಿ ಡಾಕ್ಟ್ರೇ? ಊರಾಗೆ ಬೆಳೆಯೋದೇ ಅದು!" ಅಂತ ದೊಡ್ಡಮ್ಮ ವಾದಕ್ಕೆ ನಿಂತಳು. ಆದರೆ ಮನೆಗೆ ಬಂದು ಶೇಂಗಾ ಹುರಿದು, ಬೆಲ್ಲ ಹಾಕಿ ಒರಳಲ್ಲಿ ನುಣ್ಣಗೆ ಕುಟ್ಟಿ, ಚಮಚ ಕೊಟ್ಟಳು. ತಂತಿ ಬಿಗಿ ಮಾಡಿದ ದಿನ ದವಡೆಯೆಲ್ಲ ಸಿಡಿಯುತ್ತಿತ್ತು. ಆಗ ಬಿಸಿ ಮುದ್ದೆ, ತೆಳ್ಳನೆ ಸಾರು. "ನುಂಗು ನುಂಗು. ಮುದ್ದೆ ತಿನ್ನೋ ಜನ ನಾವು, ನಮ್ಗೆ ಹಲ್ಲಿನ ಹಂಗೇ ಇಲ್ಲ" ಅನ್ನುವಳು. ಹಲ್ಲಿನ ಹಂಗಿಲ್ಲ ಅನ್ನುವವಳು ಅದೇ ಹಲ್ಲಿಗಾಗಿ ತಿಂಗಳಿಗೊಂದು ಸಲ ದುರ್ಗಕ್ಕೆ ಓಡುತ್ತಿದ್ದಳಲ್ಲ ಅಂತ ಕೇಳಿದರೆ ತಲೆಗೊಂದು ಮೊಟಕುತ್ತಿದ್ದಳು.

ಕ್ಲಿಪ್ ತೆಗೆದ ದಿನ ಕನ್ನಡಿ ನೋಡಿ ನಾನು ನಾನೇನಾ ಅನ್ನಿಸಿತು. ಹಲ್ಲು ಸಾಲಾಗಿ, ಒಂದಕ್ಕೊಂದು ಹೆಗಲು ಕೊಟ್ಟು ನಿಂತಿದ್ದವು. ವಾಪಸು ಬರುವಾಗ ಬಸ್ಸಿನಲ್ಲಿ ದೊಡ್ಡಮ್ಮ ಗೊತ್ತಿದ್ದವರು, ಗೊತ್ತಿಲ್ಲದವರು ಎಲ್ಲರನ್ನೂ ಕರೆದು ತೋರಿಸಿದಳು. "ನಗೇ. ಇನ್ನೊಂದ್ಸಲ ನಗೇ, ಹಿಂದಿನ ಸೀಟಿನೋರಿಗೆ ಕಾಣ್ಲಿಲ್ಲ." ನಾನು ನಾಚಿಕೆಯಿಂದ ಸಾಯುತ್ತಿದ್ದೆ, ಸಂತೋಷದಿಂದ ಹಾರುತ್ತಲೂ ಇದ್ದೆ. ದಾರಿಯುದ್ದಕ್ಕೂ ನಕ್ಕೆ.

ಎಡವಟ್ಟಾಗಿದ್ದು ಆಮೇಲೆ. ಡಾಕ್ಟರು ಒಂದು ಪ್ಲೇಟು ಕೊಟ್ಟಿದ್ದರು. ನನ್ನ ಬಾಯಿಯ ಅಂಗುಳದ ಅಚ್ಚು ತೆಗೆದು ಮಾಡಿದ್ದು, ಗುಲಾಬಿ ಬಣ್ಣದ್ದು, ಮುಂದೆ ಒಂದು ಬೆಳ್ಳಿಯಂಥ ತಂತಿ. ಇದನ್ನು ಹಗಲೂ ರಾತ್ರಿ ಹಾಕಿಕೊಂಡೇ ಇರಬೇಕು, ಊಟ ಮಾಡುವಾಗ ಮಾತ್ರ ತೆಗೆಯಬೇಕು ಅಂತ ಬಿಡಿಸಿ ಬಿಡಿಸಿ ಹೇಳಿದ್ದರು. ದೊಡ್ಡಮ್ಮ ತಲೆಯಾಡಿಸಿದ್ದಳು. ಮನೆಗೆ ಬಂದವಳೇ ಅದನ್ನು ತೊಳೆದು, ಮೆತ್ತನೆ ಬಟ್ಟೆಯಲ್ಲಿ ಒರೆಸಿ, ತನ್ನ ಬೆಂಡೋಲೆ, ಕಾಸಿನ ಸರ ಇದ್ದ ಡಬ್ಬಿಯಲ್ಲಿಟ್ಟು ಬೀರುವಿಗೆ ಬೀಗ ಹಾಕಿದಳು.

"ದಿನಾ ಹಾಕ್ಕಂಡ್ರೆ ಸವೆಯಲ್ವೇನೇ? ಡಾಕ್ಟ್ರಿಗೇನು, ಹೇಳ್ತಾರೆ. ಹಬ್ಬಕ್ಕೆ, ಮದುವೆಗೆ ಹಾಕ್ಕಳುವಂತೆ."

ನಮ್ಮ ಮನೆಯಲ್ಲಿ ಒಳ್ಳೆಯ ವಸ್ತುವಿಗೆ ಇದ್ದ ಮರ್ಯಾದೆಯೇ ಅದು. ಒಳ್ಳೆ ಸೀರೆ ಪೆಟ್ಟಿಗೆಯಲ್ಲಿ, ಒಳ್ಳೆ ಲೋಟ ಅಟ್ಟದ ಮೇಲೆ, ಒಡವೆ ಬೀರುವಿನಲ್ಲಿ. ಹಲ್ಲಿನ ಪ್ಲೇಟು ಮಾತ್ರ ದಿನಬಳಕೆಗೆ ಅಂದರೆ ಯಾರಿಗೆ ನಂಬಿಕೆ ಬರಬೇಕು? ಹಾಕಿಕೊಂಡರೆ ಬಾಯಲ್ಲಿ ಬಿಸಿ ಬಜ್ಜಿ ಇಟ್ಟುಕೊಂಡವರ ಹಾಗೆ ಮಾತು ಬರುತ್ತಿತ್ತು, ಹಾಗಾಗಿ ನನಗೂ ಅದು ಬೀರುವಿನಲ್ಲಿದ್ದರೇ ಸುಖ. ಜವನಗೊಂಡನಹಳ್ಳಿಯಲ್ಲಿ ಬಂಧುಗಳ ಮದುವೆಗೆ ಹಾಕಿಕೊಂಡೆ. ದೀಪಾವಳಿಯ ಲಕ್ಷ್ಮೀಪೂಜೆಯಲ್ಲಿ ಒಡವೆಗಳ ಜೊತೆ ನನ್ನ ಪ್ಲೇಟಿಗೂ ಕುಂಕುಮ ಬಿತ್ತು.

ಯುಗಾದಿಗೆ ತೆಗೆದರೆ ಅದು ಬಾಯಿಗೆ ಕೂರಲೇ ಇಲ್ಲ. ದೊಡ್ಡಮ್ಮ ಬಿಗಿಬಳೆ ಏರಿಸುವವರ ಹಾಗೆ ಹೆಬ್ಬೆರಳಲ್ಲಿ ಒತ್ತಿ ಒತ್ತಿ ನೋಡಿದಳು. ನನಗೆ ಕಣ್ಣಲ್ಲಿ ನೀರು. ಅಮ್ಮ ಎಣ್ಣೆ ಹಚ್ಚಿ ನೋಡೋಣ ಅಂದಳು. ಹಬ್ಬ ಮುಗಿಸಿ ದುರ್ಗಕ್ಕೆ ಓಡಿದೆವು.

ಡಾಕ್ಟರು ನೋಡಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅಮ್ಮ, ಇದು ಒಡವೆ ಅಲ್ಲ. ಹಲ್ಲನ್ನು ಹಿಡ್ಕೊಂಡಿರೋ ಕೈ ಇದು. ಕೈ ಬಿಟ್ರೆ ಹಲ್ಲು ತನಗೆ ಬೇಕಾದ ಕಡೆ ಹೋಗುತ್ತೆ. ಮತ್ತೆ ಸರಿ ಮಾಡ್ಬಹುದು, ಆದರೆ ಕ್ಲಿಪ್ಪನ್ನು ಮೊದಲಿಂದ ಹಾಕ್ಬೇಕು."

ಮೊದಲಿಂದ! ನಾನು ಬೇಡ ಅಂದೆ. ನೋವಿಗೆ ಹೆದರಿ ಅಲ್ಲ. ಇನ್ನೊಂದು ಸಲ ಆಸೆ ಪಡುವುದಕ್ಕೆ ಹೆದರಿ. ದೊಡ್ಡಮ್ಮ ಎಷ್ಟು ಗೋಗರೆದರೂ ನಾನು ಆ ಕುರ್ಚಿಯ ಮೇಲೆ ಕೂರಲಿಲ್ಲ. ಹಲ್ಲು ಪೂರ್ತಿ ಹಳೆಯ ಜಾಗಕ್ಕೂ ಹೋಗಿರಲಿಲ್ಲ, ಅದೇ ದೊಡ್ಡ ಸಂಕಟ. ಮುಂದಿನ ಒಂದು ಹಲ್ಲು ಪಕ್ಕದ ಹಲ್ಲಿನ ಮೇಲೆ ಕಾಲು ಹಾಕಿ ಕೂತಿತ್ತು, ಇನ್ನೊಂದು ಪಕ್ಕದಲ್ಲಿ ಒಂದು ಸಂದಿ ಬಿಟ್ಟಿತ್ತು. ಆ ಸಂದಿಯಿಂದ 'ಸ' ಅಂದಾಗೆಲ್ಲ ಸುಯ್ ಅಂತ ಗಾಳಿ ಹೋಗುತ್ತಿತ್ತು. ಮೊದಲಿನ ಉಬ್ಬು ಹಲ್ಲಾದರೂ ನನ್ನವಾಗಿದ್ದವು. ಇವು ಯಾರವೋ ಅನ್ನಿಸುತ್ತಿತ್ತು. ನನ್ನ ಬಲಗೈ ತಾನಾಗಿ ಬಾಯಿಗೆ ಹೋಗಲು ಶುರುವಾದದ್ದು ಆವಾಗಲೇ.

ಅದೇ ಕೈ ಬಾಯಿಯ ಮೇಲಿಟ್ಟುಕೊಂಡೇ ಪಿಯುಸಿ ಮುಗಿಸಿ ಕಾನೂನು ಓದಲು ದುರ್ಗಕ್ಕೆ ಸೇರಿದೆ. ಚಿಕ್ಕಂದಿನಿಂದ ಕಂಡ ಕನಸು ಅದು, ಕಪ್ಪು ಕೋಟು ಹಾಕಿಕೊಂಡು ನಿಂತು ವಾದ ಮಾಡಬೇಕು ಅಂತ. ಆದರೆ ಕೋರ್ಟಿನ ಮಾತೆಲ್ಲ 'ಸ'ದಲ್ಲೇ ಶುರುವಾಗುತ್ತದೆ ಅಂತ ಯಾರೂ ಹೇಳಿರಲಿಲ್ಲ. ಸ್ವಾಮಿ, ಸಾಕ್ಷಿ, ಸವಾಲು! ಕಾಲೇಜಿನಲ್ಲಿ ಅಣಕು ನ್ಯಾಯಾಲಯಕ್ಕೆ ನನ್ನನ್ನು ನಿಲ್ಲಿಸಿದ ದಿನ ಕೈಯೊಳಗೇ ಗೊಣಗಿ, ಅರ್ಧಕ್ಕೆ ಬಿಟ್ಟು ಕೂತೆ. ಆ ಶನಿವಾರ ಊರಿಗೆ ಬಂದು ಹೇಳಿದೆ: ನಾನು ಕೋರ್ಟಿನಲ್ಲಿ ನಿಲ್ಲುವುದಿಲ್ಲ, ಓದು ಮುಗಿದ ಮೇಲೆ ಎಲ್ಲಾದರೂ ಕೂತು ಕ್ರಯಪತ್ರ ಬರೆದುಕೊಂಡಿರುತ್ತೇನೆ.

ದೊಡ್ಡಮ್ಮ ಅಂಗಳದಲ್ಲಿ ಬಿತ್ತನೆ ಶೇಂಗಾ ಸುಲಿಯುತ್ತಾ ಕೂತಿದ್ದಳು. ಕೈ ನಿಂತಿತು.

"ಇಲ್ಲಿ ಕೇಳು" ಅಂದಳು. "ತಪ್ಪು ನಂದು. ಡಾಕ್ಟ್ರು ಹೇಳಿದ್ದು ಈ ಕಿವಿಯಾಗೇ ಬಿದ್ದಿತ್ತು, ನಾನೇ ನನ್ನ ಬುದ್ಧಿ ಉಪಯೋಗಿಸ್ದೆ. ನಿನ್ನ ಹಲ್ಲು ನಾನು ಕೆಡಿಸ್ದೆ. ಒಪ್ಕಂತೀನಿ. ಆದ್ರೆ ನಿನ್ನ ಮಾತೂ ನನ್ನಿಂದ ಕೆಟ್ಟೋತು ಅಂತ ಆದ್ರೆ ನಾನು ಉಳಿಯಲ್ಲ ಕಣೇ. ಅದಕ್ಕೆ ನಾನು ಬಿಡಲ್ಲ."

ಆಗಲೂ ಆ ಎರಡು ಹಲ್ಲು ಹೊರಗೇ ಇದ್ದವು, ಆದರೆ ನಕ್ಕಂತೆ ಕಾಣಲಿಲ್ಲ. ನನಗೆ ಅಳು ಬಂತು. ಅಭ್ಯಾಸದಂತೆ ಕೈ ಬಾಯಿಗೆ ಹೋಯಿತು. ಅವಳು ಆ ಕೈ ಎಳೆದು ಅದರ ತುಂಬ ಶೇಂಗಾಕಾಯಿ ಸುರಿದಳು. "ಸುಲಿ. ಎರಡೂ ಕೈಲಿ ಸುಲಿ. ಸುಲೀತಾ ಮಾತಾಡು."

ಅಲ್ಲಿಂದ ಶುರುವಾಯಿತು ನನ್ನ ನಿಜವಾದ ಕಾನೂನು ಶಾಲೆ. ಬಿತ್ತನೆ ಬೀಜವನ್ನು ಮೆಷಿನ್ನಿಗೆ ಹಾಕಿದರೆ ಬೇಳೆ ಒಡೆಯುತ್ತದೆ, ಬೀಜದ ಮೇಲಿನ ತೆಳು ಸಿಪ್ಪೆ ಕಿತ್ತುಹೋಗುತ್ತದೆ, ಮೊಳಕೆ ಬರುವುದಿಲ್ಲ ಅಂತ ನಮ್ಮಲ್ಲಿ ಕೈಯಲ್ಲೇ ಸುಲಿಯುತ್ತಾರೆ. ಓಣಿಯ ಹೆಂಗಸರೆಲ್ಲ ಸುತ್ತ ಕೂರುತ್ತಾರೆ. ಕೈ ಶೇಂಗಾದಲ್ಲಿ, ಬಾಯಿ ಊರ ಸುದ್ದಿಯಲ್ಲಿ. ದೊಡ್ಡಮ್ಮ ಆ ಗುಂಪನ್ನೇ ಕೋರ್ಟು ಮಾಡಿಬಿಟ್ಟಳು. ಯಾರ ಕೋಳಿ ಯಾರ ಸೊಪ್ಪಿನ ಮಡಿ ಕೆದಕಿತು, ನಲ್ಲಿಯಲ್ಲಿ ಯಾರ ಕೊಡ ಮೊದಲು, ಮದುವೆಗೆ ಕೊಟ್ಟ ಪಾತ್ರೆ ವಾಪಸು ಬರುವಾಗ ಮುಚ್ಚಳ ಯಾಕಿರಲಿಲ್ಲ, ಎಲ್ಲವೂ ವ್ಯಾಜ್ಯ. ನಾನು ಒಬ್ಬರ ಪರ ಮಾತಾಡಬೇಕು. ಇನ್ನೊಬ್ಬರ ಪರವಾಗಿ ದೊಡ್ಡಮ್ಮ. ಅಬ್ಬಬ್ಬಾ, ಆ ಹೆಂಗಸಿನ ಎದುರು ಗೆಲ್ಲುವುದುಂಟೇ! ನನ್ನ ಮಾತು ಬಾಯಿಂದ ಹೊರಗೆ ಬೀಳುವ ಮುಂಚೆಯೇ ಹಿಡಿದು ತಿರುಗಿಸಿ ನನಗೇ ಹೊಡೆಯುತ್ತಿದ್ದಳು.

'ಸ' ಬಂದಾಗ ಸುಯ್ ಅನ್ನುತ್ತಿತ್ತು, ಹೆಂಗಸರು ನಗುತ್ತಿದ್ದರು. ನಾನು ತಲೆ ತಗ್ಗಿಸಿದರೆ ದೊಡ್ಡಮ್ಮ ಬಿಡುತ್ತಿರಲಿಲ್ಲ. "ನಗಲಿ ಬಿಡು. ನಗೋರು ಕೇಳ್ತವ್ರೆ ಅಂತ ಅರ್ಥ. ಮುಂದಕ್ಕೆ ಹೇಳು." ಕೈ ಮೇಲೇರಿದರೆ ಮತ್ತಷ್ಟು ಶೇಂಗಾ. ಒಂದು ಸಲ ಅವಳು ಹೇಳಿದ್ದನ್ನು ನಾನು ಬದುಕಿರುವವರೆಗೆ ಮರೆಯುವುದಿಲ್ಲ: "ಮಾತಿಗೆ ಹಲ್ಲು ಅಡ್ಡ ಬಂದ್ರೆ ಹಲ್ಲು ಪಕ್ಕಕ್ಕೆ ಸರೀಬೇಕು. ಮಾತ್ಯಾಕೆ ಸರೀಬೇಕು?"

ಬಿತ್ತನೆ ಮುಗಿಯಿತು, ಮತ್ತೆ ಬಂತು, ಮತ್ತೆ ಮುಗಿಯಿತು. ಒಂದು ಸಂಜೆ ಮುಚ್ಚಳದ ವ್ಯಾಜ್ಯದಲ್ಲಿ ದೊಡ್ಡಮ್ಮನ ಮಾತನ್ನೇ ಹಿಡಿದು ತಿರುಗಿಸಿ ಅವಳಿಗೇ ಹೊಡೆದೆ. ಹೆಂಗಸರು ಹೋ ಅಂತ ಕೂಗಿದರು. "ಸೋತೆ ಕಣ್ರೇ, ಸೋತೆ!" ಅಂತ ಅವಳು ಎರಡೂ ಕೈ ಮೇಲೆತ್ತಿದಳು. ಸೋತಿದ್ದಕ್ಕೆ ಅಷ್ಟು ಹಿಗ್ಗಿದ ಇನ್ನೊಬ್ಬರನ್ನು ನಾನು ನೋಡಿಲ್ಲ.

ಈಗ ನೀವು ಕೇಳಬಹುದು, ಆಮೇಲಾದರೂ ಕ್ಲಿಪ್ ಹಾಕಿಸಿಕೊಳ್ಳಬಹುದಿತ್ತಲ್ಲ ಅಂತ. ಹಾಕಿಸಿಕೊಳ್ಳಬಹುದಿತ್ತು. ಈಗಲೂ ಹಾಕಿಸಿಕೊಳ್ಳಬಹುದು, ಹಾಕಿಸಿಕೊಳ್ಳುವವರ ಮೇಲೆ ನನಗೇನೂ ತಕರಾರಿಲ್ಲ. ಅಂಥವರು ಕಂಡರೆ ಪ್ಲೇಟನ್ನು ಬೀರುವಿನಲ್ಲಿಡಬೇಡಿ ಅಂತ ಕೈ ಮುಗಿದು ಹೇಳುತ್ತೇನೆ. ನನಗೆ ಮಾತ್ರ ಅದರ ಅಗತ್ಯ ಕಾಣಲಿಲ್ಲ.

ದೊಡ್ಡಮ್ಮ ತೀರಿಕೊಂಡು ವರ್ಷವಾಗುತ್ತಾ ಬಂತು. ಮಧ್ಯಾಹ್ನ ಊಟ ಮಾಡಿ, ಎಲೆ ಅಡಿಕೆ ಹಾಕಿಕೊಂಡು, ಪಕ್ಕದ ಮನೆಯವಳ ಜೊತೆ ಮಾತಾಡುತ್ತಾ ಕೂತವಳು ಹಾಗೇ ಗೋಡೆಗೆ ಒರಗಿದಳಂತೆ. ಮಾತಿನ ಮಧ್ಯೆ ಹೋದಳು. ಅದರ ಬಗ್ಗೆ ಹೆಚ್ಚು ಬರೆಯಲು ನನಗೆ ಮನಸ್ಸಿಲ್ಲ. ಅವಳಿಗೂ ಅದು ಇಷ್ಟವಾಗುತ್ತಿರಲಿಲ್ಲ. ಬರೆಯಬೇಕಾದ್ದು ಅವಳು ಬದುಕಿದ್ದಾಗಿನ ಒಂದು ದಿನ, ಹಿರಿಯೂರು ಕೋರ್ಟಿನದು.

ಆಗ ನಾನು ಹಿರಿಯ ವಕೀಲರೊಬ್ಬರ ಕೈಕೆಳಗೆ ಹೊಸದಾಗಿ ಸೇರಿದ್ದೆ. ನಮ್ಮ ಕಕ್ಷಿದಾರಳು ಒಬ್ಬ ರೈತ ಹೆಂಗಸು. ಅವಳ ಹೊಲಕ್ಕೆ ಹೋಗುವ ದಾರಿಯನ್ನು ಪಕ್ಕದ ಹೊಲದವನು ಬೇಲಿ ಹಾಕಿ ಮುಚ್ಚಿದ್ದ. ಅಲ್ಲಿ ದಾರಿಯೇ ಇರಲಿಲ್ಲ ಅಂತ ಅವನ ವಾದ. ಅವತ್ತು ಅವನ ಸಾಕ್ಷಿಗೆ ಪಾಟಿಸವಾಲು ಮಾಡಬೇಕಿತ್ತು. ನಮ್ಮ ಹಿರಿಯರು ದುರ್ಗದ ಕೋರ್ಟಿನಲ್ಲಿ ಸಿಕ್ಕಿಹಾಕಿಕೊಂಡರು. ನಾನು ಎದ್ದು ಸಮಯ ಕೇಳಿದೆ. ಎಷ್ಟು ಸಲ ಮುಂದೂಡುವುದು, ನೀವೇ ಶುರು ಮಾಡಿ ಅಂದರು ನ್ಯಾಯಾಧೀಶರು. ಹಿಂದಿನ ಬೆಂಚಿನಲ್ಲಿ ದೊಡ್ಡಮ್ಮ ಕೂತಿದ್ದಳು. ಹಿರಿಯೂರಿನಲ್ಲಿ ಸೀರೆಗೆ ಫಾಲ್ಸ್ ಹಾಕಿಸಬೇಕು ಅಂತ ಸುಳ್ಳು ಹೇಳಿ ನನ್ನ ಜೊತೆ ಬಂದು, ನೋಡಿಯೇ ಹೋಗ್ತೀನಿ ಅಂತ ಅಲ್ಲೇ ಬೇರೂರಿದ್ದಳು.

"ಸ್ವಾಮಿ" ಅಂದೆ. ಸುಯ್ ಅಂದಿತು. ಎದುರು ವಕೀಲರ ತುಟಿಯಲ್ಲಿ ನಗೆ ಮೂಡಿದ್ದು ಕಂಡಿತು. ನನ್ನ ಬಲಗೈ ಸರ್ರನೆ ಬಾಯಿಗೆ ಏರಿತು. ಸಾಕ್ಷಿಗೆ ಮೊದಲ ಪ್ರಶ್ನೆ ಕೇಳಿದೆ. ಎರಡನೆಯದು ಕೇಳಿದೆ.

"ಏನೂ ಕೇಳಿಸ್ತಿಲ್ಲ ವಕೀಲರೇ" ಅಂದರು ನ್ಯಾಯಾಧೀಶರು.

ಕೋರ್ಟೆಲ್ಲ ನನ್ನನ್ನೇ ನೋಡುತ್ತಿತ್ತು. ನನ್ನ ಕಕ್ಷಿದಾರಳೂ ನೋಡುತ್ತಿದ್ದಳು, ಮುಳುಗಿದೆ ಅನ್ನುವ ಮುಖ ಮಾಡಿಕೊಂಡು. ಅವಳಿಗೆ ಆ ದಾರಿಯೇ ಬದುಕು. ನನ್ನ ಹಲ್ಲಿನ ಸೊಟ್ಟ ಅವಳಿಗೇಕೆ ಬೇಕು? ನನಗೆ ನನ್ನ ಮೇಲೇ ಸಿಟ್ಟು ಬಂತು. ಕೈ ಇಳಿಸಿದೆ. ಎರಡೂ ಅಂಗೈಯನ್ನು ಮೇಜಿನ ಮೇಲೆ ಊರಿ, ಓಣಿಯ ಹೆಂಗಸರಿಗೆ ಕೇಳಿಸುವಷ್ಟು ಗಟ್ಟಿಯಾಗಿ ಕೇಳಿದೆ.

"ನಿಮ್ಮ ಹೊಲವೂ ಆ ಬೇಲಿಯ ಪಕ್ಕದಲ್ಲೇ ಇದೆ ಅಲ್ಲವೇ?"

"ಹೌದ್ರಿ."

"ಈ ವ್ಯಾಜ್ಯ ಶುರುವಾದ ವರ್ಷ ಶೇಂಗಾ ಬೆಳೆದಿದ್ದಿರಾ?"

"ಬೆಳೆದಿದ್ದೆ, ಒಳ್ಳೆ ಇಳುವರಿ ಬಂತು" ಅಂದ ಸಾಕ್ಷಿ ಹೆಮ್ಮೆಯಿಂದ.

"ತಲೆ ಮೇಲೆ ಹೊತ್ತುಕೊಂಡು ಬಂದಿರಾ?"

"ತಲೆ ಮ್ಯಾಗೆ ಯಾಕ್ರಿ ಹೊರಾಣ? ಟ್ರ್ಯಾಕ್ಟರ್‌ನಾಗೆ ತಂದ್ವಿ."

"ಸಂತೋಷ. ಟ್ರ್ಯಾಕ್ಟರ್ ಯಾವ ದಾರಿಯಲ್ಲಿ ಬಂತು?"

"ಅದೇ ದಾರೀಲಿ, ಬೇಲಿ ಹಾಕಕ್ಕೆ ಮುಂಚೆ..." ಅಂದವನು ನಾಲಿಗೆ ಕಚ್ಚಿಕೊಂಡ.

ಎದುರು ವಕೀಲರ ನಗೆ ಹಾರಿಹೋಯಿತು. ಇಲ್ಲದ ದಾರಿಯಲ್ಲಿ ಟ್ರ್ಯಾಕ್ಟರ್ ಬಂದಿತ್ತು! ಕೊನೆಗೆ ಆ ಹೆಂಗಸು ತನ್ನ ದಾರಿ ಪಡೆದಳು, ಬೇಲಿ ಕಿತ್ತರು, ಅದೆಲ್ಲ ಆಮೇಲಿನ ಮಾತು. ಅವತ್ತು ಆ ಕ್ಷಣದಲ್ಲಿ ಹಿಂದಿನ ಬೆಂಚಿನಿಂದ ಒಂದು ಗಂಟಲು ಮೊಳಗಿತು.

"ಹಂಗೆ ಕೇಳೇ ನಮ್ಮವ್ವ!"

ಜವಾನ ಓಡಿದ. ನ್ಯಾಯಾಧೀಶರು ತಲೆ ಎತ್ತಿದರು. "ಯಾರದು ಅಲ್ಲಿ ಮಾತಾಡಿದ್ದು?"

ಎಲ್ಲರೂ ಹಿಂದಕ್ಕೆ ತಿರುಗಿದರು. ದೊಡ್ಡಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದಿದ್ದಳು. ಹುಟ್ಟಿದಾಗಿನಿಂದ ಬಾಯಿ ಮುಚ್ಚಿಕೊಳ್ಳದವಳು ನನಗೆ ತೊಂದರೆಯಾಯಿತೇನೋ ಅಂತ ಹೆದರಿ ಅವತ್ತು ಮುಚ್ಚಿಕೊಂಡಿದ್ದಳು. ಅದನ್ನು ನನ್ನಿಂದ ನೋಡಲಾಗಲಿಲ್ಲ.

"ನಮ್ಮ ದೊಡ್ಡಮ್ಮ, ಸ್ವಾಮಿ" ಅಂದೆ. ಸುಯ್ ಅಂದಿತು, ಅನ್ನಲಿ. "ತಪ್ಪಾಯಿತು, ಕ್ಷಮಿಸಬೇಕು. ನನಗೆ ಮಾತಾಡೋದು ಕಲಿಸಿದವರು ಅವರೇ."

ಹೇಳುವಾಗ ನಾನು ಹಲ್ಲು ಬಿಟ್ಟು ನಗುತ್ತಿದ್ದೆ. ಆ ಸಂದಿ, ಆ ಸೊಟ್ಟ ಹಲ್ಲು ಎಲ್ಲ ಬೆಳಕಿಗೆ ಬಿದ್ದಿದ್ದವು. ನ್ಯಾಯಾಧೀಶರು ನನ್ನನ್ನೂ ನೋಡಿದರು, ದೊಡ್ಡಮ್ಮನನ್ನೂ ನೋಡಿದರು. ಜವಾನನಿಗೆ ಕೈಸನ್ನೆ ಮಾಡಿ ಅಲ್ಲೇ ನಿಲ್ಲಿಸಿದರು.

"ಕಲಿಸಿದ್ದು ಕೇಳಿಸ್ತಾ ಇದೆ" ಅಂದರು. "ಮುಂದುವರಿಸಿ."